ಚಂದನದಲ್ಲಿ ಮುಂದೆ ಯಾವ ಸಾಕ್ಷ್ಯಚಿತ್ರ ಬರಬೇಕು? ವೀಕ್ಷಕರ ಪತ್ರಕ್ಕೆ ನಿಮ್ಮ ಊರಿನ ವಿಷಯ ಸೇರಿಸಿ

ತುಂಗೆಯ ದಡ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ದೂರದರ್ಶನ ಚಂದನಕ್ಕೆ ನಾವು ವೀಕ್ಷಕರೆಲ್ಲ ಸೇರಿ ಒಂದು ಪತ್ರ ಬರೆಯೋಣ ಅಂತ ಮಾತಾಗಿತ್ತಲ್ಲ, ಅದನ್ನು ಈಗ ಕೈಗೆತ್ತಿಕೊಳ್ಳೋಣ. "ಒಳ್ಳೆಯ ಸಾಕ್ಷ್ಯಚಿತ್ರ ತೋರಿಸಿ" ಅಂತ ಬರೆದರೆ ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ವಿಷಯ ಏನು, ಊರು ಯಾವುದು, ಮಾತಾಡುವವರು ಯಾರಿದ್ದಾರೆ, ಯಾವ ತಿಂಗಳಲ್ಲಿ ಹೋದರೆ ಚಿತ್ರೀಕರಿಸಬಹುದು, ಹಳೆಯ ಫೋಟೊ ಅಥವಾ ದೃಶ್ಯ ಎಲ್ಲಿ ಸಿಗಬಹುದು, ಇಷ್ಟು ಬರೆದುಕೊಟ್ಟರೆ ನಿರ್ಮಾಪಕರು ಅರ್ಧ ಕೆಲಸ ಮುಗಿದ ಹಾಗೆ ಹೊರಡಬಹುದು.

ನನ್ನದು ಶರಾವತಿ ಮುಳುಗಡೆ. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಮೊದಲು ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಹೊಸ ಅಣೆಯ ನೀರಿನಲ್ಲಿ ಹಳೆಯ ಅಣೆಯೇ ಮುಳುಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದ ವರ್ಷ ಮಡೆನೂರಿನ ಹತ್ತಿರ ಅದರ ಗೋಡೆ, ಸೈಫನ್ ಮಾದರಿಯ ಕೋಡಿಗಳು ಮೇಲೆದ್ದು ನಿಲ್ಲುತ್ತವೆ. ಜನ ಕಾರು ಮಾಡಿಕೊಂಡು ನೋಡಲು ಹೋಗುತ್ತಾರೆ, ಫೋಟೊ ತೆಗೆದುಕೊಂಡು ಬರುತ್ತಾರೆ. ಆದರೆ ಆ ನೀರಿನ ಕೆಳಗೆ ಗದ್ದೆ, ತೋಟ, ದೇವಸ್ಥಾನ, ಮನೆ ಎಲ್ಲ ಬಿಟ್ಟು ಲಾರಿ ಹತ್ತಿದವರು ಈಗ ಎಂಬತ್ತು ದಾಟಿದ್ದಾರೆ. ನಾಡಿಗೆ ಬೆಳಕು ಕೊಟ್ಟವರ ಹಕ್ಕುಪತ್ರದ ಪ್ರಶ್ನೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಸೇತುವೆಯಾಯಿತು, ಸಿಗಂದೂರಿಗೆ ಹೋಗುವವರು ಲಾಂಚ್ ಕಾಯಬೇಕಿಲ್ಲ. ಹಾಗಾಗಿ ಲಾಂಚಿನ ಕಾಲವೂ ಕಥೆಯೊಳಗೆ ಸೇರಬೇಕು. ಹೆರಿಗೆ ನೋವು ಬಂದವರನ್ನು ದಾಟಿಸಿದ ಲಾಂಚ್ ಸಿಬ್ಬಂದಿ ಇನ್ನೂ ಇದ್ದಾರೆ, ಅವರನ್ನು ಮಾತಾಡಿಸಬೇಕು. ಚಿತ್ರೀಕರಣಕ್ಕೆ ಏಪ್ರಿಲ್, ಮೇ ಸರಿಯಾದ ಕಾಲ.

ನಿಮ್ಮದು ಬರೆಯಿರಿ.

ಭೀಮಾತೀರ, ಕಲಬುರಗಿ

ಮೇಡಂ, ಛಲೋ ಕೆಲ್ಸ ಹಿಡದೀರಿ. ಟಿವಿ ಬಗ್ಗೆನೇ ಒಂದು ಚಿತ್ರ ಆಗಬೇಕು ಅಂತ ನನ್ನ ವಿನಂತಿ ಅದ. ಕನ್ನಡ ಟಿವಿ ಇತಿಹಾಸ ಅಂದ್ರ ಎಲ್ಲಾರೂ ಬೆಂಗಳೂರು ಕೇಂದ್ರ 1981ರ ನವೆಂಬರ್ 1ಕ್ಕ ಶುರು ಆಯ್ತು ಅಂತ ಅಲ್ಲಿಂದ ಹೇಳ್ತಾರ. ಅದಕ್ಕೂ ಮೊದಲ ನಮ್ಮ ಕಡೆ ಹಳ್ಯಾಗ ಟಿವಿ ಬಂದಿತ್ತು. 1975ರ ಆಗಸ್ಟ್‌ದಿಂದ 1976ರ ಜುಲೈ ತನಕ ಇಸ್ರೊ, ಅಮೆರಿಕದ ನಾಸಾ, ಆಕಾಶವಾಣಿ ಕೂಡಿ ಮಾಡಿದ ಸೈಟ್ ಅನ್ನೋ ಉಪಗ್ರಹ ಟಿವಿ ಪ್ರಯೋಗ ಅದು. ಆರು ರಾಜ್ಯದ 2400 ಹಳ್ಳಿ. ಕರ್ನಾಟಕದಾಗ ಗುಲ್ಬರ್ಗಾ, ರಾಯಚೂರು, ಬಿಜಾಪುರ. ಎಟಿಎಸ್-6 ಅನ್ನೋ ಉಪಗ್ರಹದಿಂದ ಸೀದಾ ಹಳ್ಳಿ ಡಬ್ಬಿಗೆ ಚಿತ್ರ ಬರ್ತಿತ್ತು. ಮೂರು ಮೀಟರ್ ಅಗಲದ ಜಾಳಿಗಿ ಛತ್ರಿ, ಸಾಲಿ ಅಂಗಳದಾಗ ಇಲ್ಲಾ ಪಂಚಾಯ್ತಿ ಮುಂದ. ಊರ ಮಂದಿ ಎಲ್ಲಾ ನೆಲದ ಮ್ಯಾಲ ಕುಂತು ನೋಡೋರು. ಬೇಸಾಯ, ಆರೋಗ್ಯ, ಮಕ್ಕಳಿಗೆ ವಿಜ್ಞಾನ.

ಪ್ರಯೋಗ ಒಂದು ವರ್ಷಕ್ಕ ಮುಗೀತು. ಉಪಗ್ರಹ ವಾಪಸ್ ಹೋಯ್ತು. ಆಮ್ಯಾಲ 1977ರಾಗ ಗುಲ್ಬರ್ಗಾದಾಗ ನೆಲದ ಮ್ಯಾಲಿನ ಪ್ರಸಾರ ಶುರು ಆಯ್ತು. ಅವತ್ತು ಡಬ್ಬಿ ಮುಂದ ಕುಂತ ಹುಡುಗರಿಗೆ ಈಗ ಅರವತ್ತು ವರ್ಷ. ಛತ್ರಿ ರಿಪೇರಿ ಮಾಡಿದವರು, ಡಬ್ಬಿ ಕೀಲಿ ಇಟ್ಕೊಂಡಿದ್ದ ಮಾಸ್ತರರು, ಅವರ್ನ ಕೇಳಬೇಕು. ಸಾರ್ವಜನಿಕ ಟಿವಿ ಯಾರಿಗೋಸ್ಕರ ಹುಟ್ಟಿತು ಅನ್ನೋದು ಈ ಒಂದು ಕಥಿಯಾಗ ಪೂರ್ತಿ ಅದ.

ಹನ್ನೊಂದನೇ ಮುಖ್ಯರಸ್ತೆ, ಬೆಂಗಳೂರು

ಒಂದು ಪ್ರಶ್ನೆ ಕೇಳಲೇಬೇಕು, ದಯವಿಟ್ಟು ತಪ್ಪು ತಿಳಿಯಬೇಡಿ. ಇವತ್ತು ಒಳ್ಳೆ ಮೊಬೈಲ್ ಇದ್ದವರೆಲ್ಲ ಹತ್ತು ನಿಮಿಷದ ಡಾಕ್ಯುಮೆಂಟರಿ ಮಾಡಿ ಯೂಟ್ಯೂಬಿಗೆ ಹಾಕ್ತಿದ್ದಾರೆ. ಕೆಲವಂತೂ ತುಂಬಾ ಚೆನ್ನಾಗಿವೆ. ನಾವು ಟಿವಿ ವಾಹಿನಿಗೆ ಪತ್ರ ಬರೆದು ಕಾಯೋದಕ್ಕಿಂತ ನಾವೇ ಮಾಡಬಾರದಾ? ಮೂವತ್ತು ವರ್ಷದೊಳಗಿನ ನನ್ನ ಸ್ನೇಹಿತರಲ್ಲಿ ಟಿವಿ ಹಾಕಿ ಕೂತು ನೋಡೋರು ಯಾರೂ ಇಲ್ಲ.

ಕುಕ್ಕರಹಳ್ಳಿ ಕೆರೆ, ಮೈಸೂರು

@ಹನ್ನೊಂದನೇ ಮುಖ್ಯರಸ್ತೆ, ಮಾಡಿ ತಮ್ಮ, ಖಂಡಿತ ಮಾಡಿ. ಅದು ಬೇಡ ಅಂತ ಯಾರೂ ಹೇಳಲ್ಲ. ಆದರೆ ಎರಡು ಕೆಲಸ ಬೇರೆ ಬೇರೆ.

ಯೂಟ್ಯೂಬಿನಲ್ಲಿ ನೋಡುಗರು ಬರದ ವಿಷಯಕ್ಕೆ ಹಣ ಹಾಕುವವರು ಇಲ್ಲ. ಹತ್ತು ನಿಮಿಷದಲ್ಲಿ ಹೇಳಲು ಆಗದ್ದನ್ನು ಹೇಳಲು ಯಾರಿಗೂ ಪುರುಸೊತ್ತಿಲ್ಲ. ಚಂದನವನ್ನು ನಡೆಸುವ ಪ್ರಸಾರ ಭಾರತಿಗೆ ಹಾಗಲ್ಲ, ಅದಕ್ಕೆ ಕಾನೂನೇ ಹೊಣೆ ಹೊರಿಸಿದೆ. 1990ರ ಪ್ರಸಾರ ಭಾರತಿ ಕಾಯ್ದೆಯ 12ನೆಯ ಕಲಂ ಓದಿ ನೋಡಿ. ಶಿಕ್ಷಣ, ಕೃಷಿ, ಗ್ರಾಮೀಣ ಅಭಿವೃದ್ಧಿ, ಪರಿಸರ, ಆರೋಗ್ಯ, ವಿಜ್ಞಾನ ಇವುಗಳಿಗೆ ವಿಶೇಷ ಗಮನ ಕೊಡಬೇಕು, ನಾಡಿನ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿಗೂ ಭಾಷೆಗೂ ತಕ್ಕಷ್ಟು ಜಾಗ ಕೊಡಬೇಕು ಅಂತ ಅಲ್ಲಿದೆ. ಹಾಗಾಗಿ ನಾವು ಬರೆಯುವ ಪತ್ರ ಬೇಡಿಕೆಯ ಪತ್ರ ಅಲ್ಲ, ಕಾಯ್ದೆ ಹೇಳಿದ ಕೆಲಸಕ್ಕೆ ನಮ್ಮ ಕೈಜೋಡಿಕೆ. ಪತ್ರದ ಮೊದಲ ಪ್ಯಾರಾದಲ್ಲೇ ಇದನ್ನು ಹಾಕಿ ಅಂತ ಮೇಡಂ ಅವರಿಗೆ ನನ್ನ ಸಲಹೆ.

ಇನ್ನೊಂದು. ನಿಮ್ಮ ಸ್ನೇಹಿತರು ಟಿವಿ ನೋಡದೆ ಇರಬಹುದು. ಫ್ರೀ ಡಿಶ್ ಹಾಕಿಸಿಕೊಂಡು ತಿಂಗಳ ಬಾಡಿಗೆ ಇಲ್ಲದೆ ಟಿವಿ ನೋಡುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಇವೆ. ಕೇಬಲ್ ಇರುವಲ್ಲೂ 1995ರ ಕೇಬಲ್ ಕಾಯ್ದೆಯ 8ನೆಯ ಕಲಮಿನ ಪ್ರಕಾರ ದೂರದರ್ಶನದ ವಾಹಿನಿಗಳನ್ನು ಕಡ್ಡಾಯವಾಗಿ ಕೊಡಬೇಕು. ಯಾರ ಬಗ್ಗೆ ಚಿತ್ರ ಮಾಡುತ್ತೇವೋ ಅವರ ಮನೆಯಲ್ಲೇ ಅದು ಕಾಣಿಸುವ ದಾರಿ ಇದು. ಶರಾವತಿ ಮುಳುಗಡೆಯ ಚಿತ್ರವನ್ನು ಅಲ್ಲಿ ಮನೆ ಬಿಟ್ಟು ಬಂದ ಅಜ್ಜಿಯೇ ನೋಡಬೇಕಲ್ಲವಾ?

ಚಾಂಪಿಯನ್ ರೀಫ್ ಮಗಳು, ಕೆಜಿಎಫ್

ನಾನು ಕೆಜಿಎಫ್‌ನವಳು. ಅಪ್ಪ ಇಲ್ಲಿನ ಚಿನ್ನದ ಗಣಿಯೊಳಗೆ ಕೆಲಸ ಮಾಡಿದವರು, ಈಗ ಇಲ್ಲ. ನಮ್ಮ ಊರಿನ ಹೆಸರಿನ ಮೂರಕ್ಷರ ಹೇಳಿದರೆ ಸಾಕು, ಜನರಿಗೆ ಸಿನಿಮಾ ನೆನಪಾಗುತ್ತದೆ. ಆದ್ದರಿಂದಲೇ ನಿಜವಾದ ಊರಿನ ಚಿತ್ರ ಬೇಕೇ ಬೇಕು.

ಒಂದು ಗಂಟೆಯ ಚಿತ್ರಕ್ಕೆ ಬೇಕಾದ್ದು ಎಷ್ಟಿದೆ ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾದಾಗ ಅದು ಮೊದಲು ಬಂದಿದ್ದು ಮೈಸೂರು ಅರಮನೆಗೂ ಅಲ್ಲ, ಬೆಂಗಳೂರಿಗೂ ಅಲ್ಲ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ನಮ್ಮ ಗಣಿಗೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಹೋದಷ್ಟೂ ಬಂಡೆ ಸುಡುತ್ತದೆ, ಒತ್ತಡ ತಡೆಯದೆ ಸಿಡಿಯುತ್ತದೆ. ಆ ಸಿಡಿತಕ್ಕೆ ಸತ್ತವರ ಮನೆಗಳು ನಮ್ಮ ಲೈನಿನಲ್ಲೂ, ಅಂದರೆ ಕಾರ್ಮಿಕರ ಮನೆಗಳ ಸಾಲಿನಲ್ಲೂ, ಇದ್ದವು.

ಅದೇ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ಪ್ರಯೋಗ ನಡೆಸಿದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಗುರುತನ್ನು ಜಗತ್ತಿನಲ್ಲೇ ಮೊದಲು ಕಂಡ ಎರಡು ತಂಡಗಳಲ್ಲಿ ಇದು ಒಂದು. ಇನ್ನೊಂದು ತಂಡ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿತ್ತು. ಮೇಲಿನ ಬಂಡೆಯ ಪದರ ಬೇರೆ ಕಣಗಳನ್ನು ತಡೆದು ನ್ಯೂಟ್ರಿನೊ ಮಾತ್ರ ಒಳಗೆ ಬಿಡುತ್ತದೆ ಅನ್ನುವ ಕಾರಣಕ್ಕೆ ಅಷ್ಟು ಕೆಳಗೆ ಹೋಗಿದ್ದು. ವಿಜ್ಞಾನಿಗಳ ಹೆಸರು ಪ್ರಬಂಧಗಳಲ್ಲಿದೆ. ಅವರ ಕಬ್ಬಿಣದ ಸಾಮಾನು ಇಳಿಸಿಕೊಟ್ಟ ಕಾರ್ಮಿಕರ ಹೆಸರನ್ನೂ ಒಂದು ಚಿತ್ರದಲ್ಲಾದರೂ ಹೇಳಬೇಕು ಅನ್ನುವುದು ನನ್ನ ಆಸೆ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಪಂಪು ನಿಂತಿತು, ಸುರಂಗಗಳಲ್ಲಿ ನೀರು ತುಂಬಿತು. ಈಗ ಊರಿನವರು ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ರಾಶಿ ಹಾಕಿದ ಸೈನೈಡ್ ದಿಬ್ಬದ ಧೂಳು ಗಾಳಿಯ ತಿಂಗಳಲ್ಲಿ ಮನೆಯೊಳಗೆ ಬರುತ್ತದೆ. ಆ ರೈಲನ್ನು, ಆ ಧೂಳನ್ನು ತೋರಿಸಿ.

ಗಂಗಾವಳಿ, ಅಂಕೋಲಾ

ತುಂಗೆಯ ದಡ ಅಕ್ಕ, ನನ್ನದು ಸ್ವಲ್ಪ ಅವಸರದ ವಿಷಯ.

ನಮ್ಮ ತಾಲ್ಲೂಕಿನ ಹೊನ್ನಳ್ಳಿಯ, ಕಾಡಿನ ಗಿಡಗಳನ್ನು ಬೆಳೆಸಿದ ತುಳಸಿ ಗೌಡರು 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಎರಡು ತಿಂಗಳು ಕಳೆಯುವುದರೊಳಗೆ, 2025ರ ಫೆಬ್ರುವರಿಯಲ್ಲಿ, ಬಡಿಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರೂ ಹೋದರು. ಇಬ್ಬರೂ ಹಾಲಕ್ಕಿ ಸಮುದಾಯದವರು, ಇಬ್ಬರಿಗೂ ಪದ್ಮಶ್ರೀ ಬಂದಿತ್ತು. ಪ್ರಶಸ್ತಿ ಬಂದ ಮೇಲೆ ಅವರ ಮನೆಗೆ ಕ್ಯಾಮೆರಾಗಳು ಬಂದವು, ನಿಜ. ಬಂದವರೆಲ್ಲ ಕೇಳಿದ್ದು ಹೆಚ್ಚೂಕಡಿಮೆ ಒಂದೇ: "ಪ್ರಶಸ್ತಿ ಬಂದಾಗ ಹೇಗನಿಸಿತು?" ಯಾವ ಮರದ ಬೀಜ ಯಾವ ತಿಂಗಳಲ್ಲಿ ಆರಿಸಬೇಕು, ತಾಯಿಮರ ಅಂತ ಹೇಗೆ ಗುರುತಿಸುತ್ತೀರಿ, ಈ ಹಾಡು ಯಾವ ಕೆಲಸದ ಹೊತ್ತಿನದು, ನಿಮಗೆ ಯಾರು ಕಲಿಸಿದ್ದು, ಇಂಥ ಪ್ರಶ್ನೆ ಕೇಳಿ ಇಡೀ ಉತ್ತರ ದಾಖಲಿಸಲು ದಿನಗಟ್ಟಲೆ ಅವರ ಜೊತೆ ಇರಬೇಕಾಗುತ್ತದೆ. ಅದನ್ನು ಮಾಡಬೇಕಾದದ್ದು ಸಾರ್ವಜನಿಕ ವಾಹಿನಿಯೇ.

ಸುಕ್ರಜ್ಜಿಯ ಜೊತೆ ಹಾಡುತ್ತಿದ್ದ ಹೆಂಗಸರು ಇನ್ನೂ ಇದ್ದಾರೆ. ಹಾಡು ಅವರೊಬ್ಬರದಲ್ಲ, ಗುಂಪಿನದು. ಸುಗ್ಗಿ ಕುಣಿತದ ಹೊತ್ತಿಗೆ, ಅಂದರೆ ಹೋಳಿ ಹುಣ್ಣಿಮೆಯ ಆಸುಪಾಸು ಬನ್ನಿ. ಹಾಡಿಸಿ, ಪೂರ್ತಿ ಹಾಡಿಸಿ. ಎರಡು ಸಾಲಿಗೆ ಕತ್ತರಿಸಿ ಮೇಲೆ ನಿರೂಪಕರ ಧ್ವನಿ ಹಾಕಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ.

ಸಾಧನಕೇರಿ, ಧಾರವಾಡ

ಗಂಗಾವಳಿಯವರು ಹೇಳಿದ್ದು ಖರೇ ಐತಿ. ಇರೋತನಕಾ ಚಿತ್ರ ತಗೀಬೇಕ್ರಿ. ಬೇಂದ್ರೆ ಅಜ್ಜಾರ ಮ್ಯಾಲ ಗಿರೀಶ ಕಾರ್ನಾಡರು 1970ರ ದಶಕದ ಸುರುವಿನ್ಯಾಗ ಸಾಕ್ಷ್ಯಚಿತ್ರ ಮಾಡಿದ್ರು. ಅಜ್ಜಾರು 1981ರಾಗ ಹೋದ್ರು. ಅವತ್ತು ಆ ಚಿತ್ರ ಆಗಿದ್ದಿಲ್ಲಂದ್ರ ಅವರು ಹೆಂಗ ಮಾತಾಡ್ತಿದ್ರು, ಹೆಂಗ ಕೈ ತಿರುವ್ತಿದ್ರು ಅನ್ನೋದು ಇವತ್ತಿನ ಹುಡುಗರಿಗೆ ಗೊತ್ತಾಗ್ತಿದ್ದಿಲ್ಲ. ಇಂಥಾ ಹಳೇ ಚಿತ್ರಗಳನ್ನ ಒಂದು ಸರ್ತಿ ಪೂರ್ತಿ, ಮುಂದ ಒಂದು ಹತ್ತು ನಿಮಿಷ ಪರಿಚಯ ಕೊಟ್ಟು, ಚಂದನದಾಗ ಹಾಕ್ರಿ ಅಂತ ಪತ್ರದಾಗ ಬರೀರಿ.

ಹೊಸಾದಕ್ಕ ನನ್ನ ಸೂಚನೆ: ರಾಷ್ಟ್ರಧ್ವಜ. ಹುಬ್ಬಳ್ಳಿ ಬೆಂಗೇರಿಯೊಳಗಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನಕದ ಧ್ವಜ ತಯಾರಾಗ್ತಾವ. ನೂಲು, ನೇಯ್ಗಿ, ಬಣ್ಣ, ಚಕ್ರದ ಮುದ್ರಣ, ಹೊಲಿಗಿ, ಒಂದೊಂದು ಹಂತಕ್ಕೂ ಅಳತಿ ಐತಿ. ಎಳಿ ಲೆಕ್ಕ ತಪ್ಪಿದ್ರ ಬಟ್ಟಿ ವಾಪಸ್. ನಮ್ಮ ಗರಗ, ಆ ಕಡೆ ಬಾಗಲಕೋಟಿ ಭಾಗದ ಹಳ್ಳಿಗಳ ನೇಕಾರರ ಕೈ ಕೆಲಸ ಅದರಾಗೈತಿ. ದುಡಿಯೋರು ಬಹಳ ಮಟ್ಟಿಗೆ ಹೆಣ್ಮಕ್ಕಳು. 2021ರ ಡಿಸೆಂಬರಿನ್ಯಾಗ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟಿಗೂ, ಯಂತ್ರದ ಧ್ವಜಕ್ಕೂ ಅನುಮತಿ ಕೊಟ್ರು. ಅದರಿಂದ ಖಾದಿ ಧ್ವಜದ ಬೇಡಿಕಿಗೆ ಪೆಟ್ಟು ಬಿತ್ತು. ಆಗಸ್ಟ್ 15ಕ್ಕ ಕೆಂಪು ಕೋಟಿ ತೋರಸ್ತೀವಿ, ಧ್ವಜ ನೇದ ಕೈ ತೋರಸೂದು ಬ್ಯಾಡೇನ್ರಿ? ಜೂನ್, ಜುಲೈ ತಿಂಗಳದಾಗ ಕೆಲಸ ಭರ್ತಿ ಇರ್ತದ, ಆವಾಗ ಬರ್ರಿ.

ಎಡಿಟಿಂಗ್ ಟೇಬಲ್, ಬೆಂಗಳೂರು

ನಾನು ಈ ಕಸುಬಿನಲ್ಲೇ ಇರುವವನು, ಸಾಕ್ಷ್ಯಚಿತ್ರಗಳ ಸಂಕಲನ ಮತ್ತು ಧ್ವನಿ ಕೆಲಸ ಮಾಡುತ್ತೇನೆ. ಎರಡು ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಪತ್ರಗಳಲ್ಲಿ ಯಾರೂ ಇದನ್ನು ಕೇಳುವುದೇ ಇಲ್ಲ.

ಮೊದಲನೆಯದು ಹಳೆಯ ಟೇಪು. 1980, 90ರ ದಶಕದ ಟಿವಿ ಕಾರ್ಯಕ್ರಮಗಳು ಯೂಮ್ಯಾಟಿಕ್, ಬೀಟಾಕ್ಯಾಮ್ ಟೇಪುಗಳಲ್ಲಿ ಇರುವಂಥವು. ಟೇಪಿನ ಮೇಲಿನ ಕಾಂತೀಯ ಪದರವನ್ನು ಹಿಡಿದಿಡುವ ಅಂಟು ವರ್ಷಗಳು ಕಳೆದಂತೆ ತೇವ ಹೀರಿಕೊಂಡು ಅಂಟಂಟಾಗುತ್ತದೆ. ಅಂಥ ಟೇಪನ್ನು ಹಾಗೇ ಯಂತ್ರಕ್ಕೆ ಹಾಕಿದರೆ ಪದರವೇ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಚಿತ್ರ ಹೋದ ಹಾಗೆಯೇ. ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಒಂದೇ ಸಲ ಓಡಿಸಿ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಓಡಿಸುವ ಯಂತ್ರಗಳೂ ಈಗ ತಯಾರಾಗುತ್ತಿಲ್ಲ, ಬಿಡಿಭಾಗಕ್ಕೆ ಇನ್ನೊಂದು ಹಳೆಯ ಯಂತ್ರ ಬಿಚ್ಚಬೇಕು. ಅಂದರೆ ಈ ಕೆಲಸಕ್ಕೆ ಇರುವ ಕಾಲಾವಕಾಶ ಕಡಿಮೆ. ಪ್ರಸಾರ ಭಾರತಿ ಆರ್ಕೈವ್ಸ್ ಹೆಸರಿನ ಯೂಟ್ಯೂಬ್ ವಾಹಿನಿಯಲ್ಲಿ ಸಂಗೀತ, ಸಂದರ್ಶನ, ಹಳೆಯ ದೃಶ್ಯಗಳು ಬರುತ್ತಿವೆ, ನೋಡಿದಾಗೆಲ್ಲ ಸಂತೋಷವಾಗುತ್ತದೆ. ನಮ್ಮ ಪತ್ರ ಹೇಳಬೇಕಾದ್ದು: ಕನ್ನಡದ್ದರಲ್ಲಿ ಏನೇನು ಉಳಿದಿದೆ ಎಂಬ ಪಟ್ಟಿಯನ್ನು ಮೊದಲು ಪ್ರಕಟಿಸಿ. ದೃಶ್ಯ ಆಮೇಲೆ ಬರಲಿ. ಪಟ್ಟಿ ಇದ್ದರೆ ಯಾವ ಟೇಪನ್ನು ಮೊದಲು ಉಳಿಸಬೇಕು ಅಂತ ವಿದ್ವಾಂಸರು, ಕಲಾವಿದರ ಮನೆಯವರು ಹೇಳಬಲ್ಲರು. 1948ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆ ಫಿಲ್ಮ್ಸ್ ಡಿವಿಷನ್ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಸೇರಿತು. ಕರ್ನಾಟಕದಲ್ಲಿ ಚಿತ್ರಿಸಿದ ಎಷ್ಟೋ ರೀಲುಗಳು ಆ ಸಂಗ್ರಹದಲ್ಲಿವೆ. ಅದನ್ನೂ ಸೇರಿಸಿ ಕೇಳಿ.

ಎರಡನೆಯದು ಧ್ವನಿ. ನಮ್ಮಲ್ಲಿ ಒಬ್ಬ ಮುದುಕಿ ಮಾತಾಡುವಾಗ ಹಿಂದೆ ಕೊಳಲು, ವೀಣೆ, ಅದರ ಮೇಲೆ ಸಿಂಥಸೈಜರ್ ಸುರಿಯುವ ಅಭ್ಯಾಸ ಬೇರೂರಿದೆ. ಹಳ್ಳಿಮನೆಯ ಸಣ್ಣ ಟಿವಿಯ ಸ್ಪೀಕರಿನಲ್ಲಿ ಮಾತು ಮುಳುಗಿಹೋಗುತ್ತದೆ. ಕಿವಿ ಮಂದವಾದ ಹಿರಿಯರಿಗೆ ಏನೂ ತಿಳಿಯುವುದಿಲ್ಲ. ಮಾತಿನ ಕೆಳಗೆ ಸಂಗೀತ ಬೇಡ. ಆ ಜಾಗದ ಸದ್ದು ಸಾಕು: ಮಗ್ಗ, ಕೊಟ್ಟಿಗೆ, ಮಳೆ, ಬಸ್ಸು. ಕೋಣೆಯಲ್ಲಿ ಯಾರೂ ಮಾತಾಡದೆ ಇರುವಾಗಿನ ಸದ್ದನ್ನೂ ಒಂದೆರಡು ನಿಮಿಷ ಹಿಡಿದುಕೊಂಡು ಬರಬೇಕು, ಸಂಕಲನ ಮಾಡುವಾಗ ಅದು ಚಿನ್ನ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಒಂದು ಒಳ್ಳೆಯ ಕಾಲರ್ ಮೈಕು ಮತ್ತು ತಾಳ್ಮೆ ಬೇಕು.

ಮುರಕಲ್ಲು, ವಿಟ್ಲ

ಎಡಿಟಿಂಗ್ ಟೇಬಲ್ ಅವರು ಹೇಳಿದ ಸದ್ದಿನ ವಿಷಯಕ್ಕೆ ನಮ್ಮ ಕಡೆಯದೇ ಒಂದು ಉಂಟು ಮಾರಾಯ್ರೆ. ಸುರಂಗ. ಕಾಸರಗೋಡು, ಬಂಟ್ವಾಳ, ಪುತ್ತೂರಿನ ಗುಡ್ಡದ ಬುಡದಲ್ಲಿ ಮುರಕಲ್ಲು ಎಂಬ ಕೆಂಪು ಕಲ್ಲು ಕೊರೆದು ಅಡ್ಡಕ್ಕೆ ತೋಡಿದ ಸುರಂಗ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ. ಒಳಗಿಂದ ನೀರು ತಾನಾಗಿ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಒಳಗೆ ಹೋಗಿ ನಿಂತರೆ ಹನಿ ಬೀಳುವ ಸದ್ದು ಮಾತ್ರ. ಅಲ್ಲಿ ಯಾವ ಸಂಗೀತ ಹಾಕುತ್ತೀರಿ?

ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕೂಲಿ ಕೆಲಸದವರಾಗಿದ್ದರು. ಬೋಳು ಗುಡ್ಡದ ಜಾಗ ಸಿಕ್ಕಿತು, ನೀರಿಲ್ಲ. ಕೂಲಿ ಮುಗಿಸಿ ಬಂದು ಒಬ್ಬರೇ ತೋಡಿದರು. ಮೊದಲಿನ ಸುರಂಗಗಳಲ್ಲಿ ನೀರು ಸಿಗಲಿಲ್ಲ, ಬಿಡಲಿಲ್ಲ, ಮತ್ತೆ ತೋಡಿದರು. ಈಗ ಅಲ್ಲಿ ಅಡಿಕೆ ತೋಟ. ಅವರ ಬಗ್ಗೆ ಸುದ್ದಿ ಬಂದದ್ದು ಸಾಕಷ್ಟು. ಬರಬೇಕಾದ್ದು ಸುರಂಗ ತೋಡುವ ವಿದ್ಯೆಯ ಬಗ್ಗೆ: ಎಲ್ಲಿ ತೋಡಬೇಕು ಅಂತ ಯಾವ ಮರ, ಯಾವ ಕಲ್ಲು ನೋಡಿ ಹೇಳುವುದು, ಒಳಗೆ ಉಸಿರು ಕಟ್ಟಿದರೆ ಏನು ಮಾಡುವುದು, ಕುಸಿಯದ ಹಾಗೆ ಹೇಗೆ ಕಡಿಯುವುದು. ಕೊಳವೆಬಾವಿ ಬಂದ ಮೇಲೆ ತೋಡುವವರು ಕಡಿಮೆಯಾದರು. ಮಳೆಗಾಲ ಮುಗಿದ ಮೇಲೊಮ್ಮೆ, ಏಪ್ರಿಲಿನಲ್ಲೊಮ್ಮೆ, ಎರಡು ಸಲ ಬರಬೇಕು. ನೀರಿನ ವ್ಯತ್ಯಾಸ ಆಗಲೇ ಕಾಣುವುದು.

ಭೀಮಾತೀರ, ಕಲಬುರಗಿ

ಮುರಕಲ್ಲು ಸರ್, ಬೀದರದಾಗ ಕರೇಜ್ ಅದಲ್ರಿ! ನೌಬಾದ ಹತ್ರ, ಬಹಮನಿ ಸುಲ್ತಾನರ ಕಾಲದ್ದು, 15ನೆಯ ಶತಮಾನ. ನೆಲದೊಳಗ ಸುರಂಗ, ಅಲ್ಲಲ್ಲಿ ಮ್ಯಾಲಿಂದ ಗಾಳಿಬಾವಿ. ಪರ್ಷಿಯಾ ಕಡಿಯಿಂದ ಬಂದ ವಿದ್ಯಾ. ಅಲ್ಲೂ ಮುರಕಲ್ಲಿನಂಥದೇ ಕೆಂಪು ಕಲ್ಲು. ಒಂದು ಸುಲ್ತಾನರು ಮಾಡಿಸಿದ್ದು, ಇನ್ನೊಂದು ರೈತರು ತಾವೇ ತೋಡಿಕೊಂಡಿದ್ದು. ಎರಡೂ ಕೂಡಿ ಒಂದೇ ಚಿತ್ರ ಆಗ್ಲಿ. ಬೀದರಕ್ಕೂ ವಿಟ್ಲಕ್ಕೂ ನೆಂಟಸ್ತನ ಆಗ್ಲಿ.

ಮುರಕಲ್ಲು, ವಿಟ್ಲ

ಒಪ್ಪಿದೆ! ಎರಡು ಭಾಗ ಮಾಡಿದರೂ ಅಡ್ಡಿಯಿಲ್ಲ.

ನಾಗರಿಕ, ದಾವಣಗೆರೆ

ಎಲ್ಲ ವಿಷಯಗಳೂ ಒಳ್ಳೆಯವೇ. ಆದರೆ ಶರಾವತಿ ಮುಳುಗಡೆ, ಕೆಜಿಎಫ್ ಧೂಳು, ಪಾಲಿಯೆಸ್ಟರ್ ಧ್ವಜ ಇವೆಲ್ಲ ಸರ್ಕಾರದ ನಿರ್ಧಾರಗಳನ್ನು ಪ್ರಶ್ನಿಸುವಂಥವು. ಸರ್ಕಾರಿ ವಾಹಿನಿ ಅದನ್ನು ಹಾಕುತ್ತದೆಯೇ? ಪತ್ರದಲ್ಲಿ ಇವನ್ನು ಸೇರಿಸಿದರೆ ಉಳಿದ ಸಲಹೆಗಳಿಗೂ ಅಡ್ಡಿಯಾಗಬಹುದು. ಕಲೆ, ಪ್ರಕೃತಿ, ಇತಿಹಾಸ ಇಷ್ಟಕ್ಕೇ ಸೀಮಿತ ಮಾಡುವುದು ಜಾಣತನ ಅಂತ ನನಗನಿಸುತ್ತದೆ.

ತುಂಗೆಯ ದಡ, ಶಿವಮೊಗ್ಗ

ನಾಗರಿಕ ಅವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಕರ್ನಾಟಕದ ಪ್ರಕೃತಿಯ ಚಿತ್ರ ಮಾಡಲು ದೊಡ್ಡ ವಾಹಿನಿಗಳು, ದೊಡ್ಡ ಹಣ ಮುಂದೆ ಬರುತ್ತದೆ. ಹುಲಿ, ಕಾಳಿಂಗ, ಜಲಪಾತ ನೋಡಲು ಚೆನ್ನ, ಜಗತ್ತೆಲ್ಲ ನೋಡುತ್ತದೆ. ಮುಳುಗಡೆಯ ಅಜ್ಜಿಯ ಹತ್ತಿರ ಹೋಗಲು ಬೇರೆ ಯಾರೂ ಇಲ್ಲ. ಪಟ್ಟಿಯಿಂದ ಅವರನ್ನೇ ಕೈಬಿಟ್ಟರೆ ಸಾರ್ವಜನಿಕ ವಾಹಿನಿಗೆ ಬರೆಯುವ ಅಗತ್ಯವೇ ಉಳಿಯುವುದಿಲ್ಲ. ಜೊತೆಗೆ, ನಾವು ಯಾರನ್ನೂ ದೂರುವ ಚಿತ್ರ ಕೇಳುತ್ತಿಲ್ಲ. ಏನಾಯಿತು ಅಂತ ಅನುಭವಿಸಿದವರ ಬಾಯಲ್ಲೇ ಕೇಳಿಸಿ, ಅಣೆ ಕಟ್ಟಿದ ಎಂಜಿನಿಯರುಗಳೂ ಮಾತಾಡಲಿ, ಆಗ ವಿದ್ಯುತ್ ಎಷ್ಟು ತುರ್ತಾಗಿ ಬೇಕಿತ್ತು ಅನ್ನುವುದನ್ನೂ ಹೇಳಲಿ ಅಂತ ಕೇಳುತ್ತಿದ್ದೇವೆ.

ಗಂಗಾವಳಿ, ಅಂಕೋಲಾ

ಅಕ್ಕನ ಮಾತಿಗೆ ನನ್ನದೂ ಸೇರಿಸಿ. ಹಾಲಕ್ಕಿ ಹಾಡು ತೋರಿಸಿ, ಅವರ ಜಮೀನಿನ ಮಾತು ಬೇಡ ಅಂದರೆ ಹಾಡು ಅರ್ಧವೇ ಆಗುತ್ತದೆ. ಸುಕ್ರಜ್ಜಿ ಹಾಡಷ್ಟೇ ಹಾಡಿದವರಲ್ಲ, ಸಾರಾಯಿ ವಿರುದ್ಧ ಹೋರಾಟಕ್ಕೂ ಇಳಿದವರು.

ನ್ಯೂಜೆರ್ಸಿ ಕನ್ನಡತಿ

ದೂರದಿಂದ ಓದುತ್ತಿದ್ದೇನೆ. ಇಲ್ಲಿ ನಮ್ಮ ಭಾಗದ ಸಾರ್ವಜನಿಕ ವಾಹಿನಿ ಮುಂದಿನ ತಿಂಗಳು ಯಾವ ಸಾಕ್ಷ್ಯಚಿತ್ರ, ಯಾವ ದಿನ, ಎಷ್ಟು ಗಂಟೆಗೆ ಅಂತ ಮೊದಲೇ ಪಟ್ಟಿ ಹಾಕುತ್ತದೆ. ಅದನ್ನು ನೋಡಿಕೊಂಡು ಗ್ರಂಥಾಲಯದವರು ಚರ್ಚೆ ಇಡುತ್ತಾರೆ, ಶಾಲೆಯಲ್ಲಿ ಮೇಷ್ಟ್ರು ಮಕ್ಕಳಿಗೆ ಹೇಳುತ್ತಾರೆ. 2025ರಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರದ ಅನುದಾನ ಹಿಂತೆಗೆದುಕೊಂಡಾಗ, ಈ ವಾಹಿನಿಗಳಿಗೆ ಹಣ ಹಂಚುತ್ತಿದ್ದ ಸಂಸ್ಥೆಯೇ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಆಗ ಊರೂರಿನ ವೀಕ್ಷಕರು ತಮ್ಮ ಕೈಯಿಂದ ಹಣ ಹಾಕಲು ಮುಂದೆ ಬಂದರು. ಏನು ಬರುತ್ತದೆ ಅಂತ ಮೊದಲೇ ಗೊತ್ತಿರುವುದರಿಂದ ಹುಟ್ಟಿದ ಪ್ರೀತಿ ಅದು ಅಂತ ನನಗನಿಸುತ್ತದೆ. ಪತ್ರದಲ್ಲಿ ಇದನ್ನು ಕೇಳಿ: ಮೂರು ತಿಂಗಳ ಪಟ್ಟಿ, ಮುಂಚಿತವಾಗಿ. ಪ್ರಸಾರವಾದ ಮೇಲೆ ಯೂಟ್ಯೂಬಿಗೋ ಪ್ರಸಾರ ಭಾರತಿಯ ವೇವ್ಸ್ ಆ್ಯಪ್‌ಗೋ ಹಾಕಿದರೆ ನಾವೂ ನೋಡುತ್ತೇವೆ, ಇಲ್ಲಿನ ಕನ್ನಡ ಶಾಲೆಯ ಮಕ್ಕಳಿಗೂ ತೋರಿಸುತ್ತೇವೆ.

ಹನ್ನೊಂದನೇ ಮುಖ್ಯರಸ್ತೆ, ಬೆಂಗಳೂರು

ಇದು ಸರಿಯಾದ ಮಾತು. ಯಾವತ್ತು ಬರುತ್ತೆ ಅಂತ ಗೊತ್ತಿದ್ದರೆ ನಾನೂ ನೋಡ್ತೀನಿ, ಸ್ನೇಹಿತರಿಗೂ ಕಳಿಸ್ತೀನಿ. ನಮ್ಮಜ್ಜಿ ರಾತ್ರಿ 'ಥಟ್ ಅಂತ ಹೇಳಿ' ತಪ್ಪಿಸಲ್ಲ. 2002ರಿಂದ ಬರ್ತಿರೋ ಕಾರ್ಯಕ್ರಮ, ಡಾ. ನಾ. ಸೋಮೇಶ್ವರ ಅವರ ಧ್ವನಿ ಕೇಳಿದ ತಕ್ಷಣ ಎಲ್ಲರೂ ಟಿವಿ ಮುಂದೆ. ಹೊತ್ತು ಬದಲಾಗದೆ ಇದ್ದರೆ ಮನೆ ಅದಕ್ಕೆ ಹೊಂದಿಕೊಳ್ಳುತ್ತೆ. ಸಾಕ್ಷ್ಯಚಿತ್ರಕ್ಕೂ ವಾರದಲ್ಲಿ ಒಂದು ಗಂಟೆ, ಒಂದೇ ದಿನ, ಒಂದೇ ಹೊತ್ತು ಇರಲಿ. ಭಾನುವಾರ ಸಂಜೆ ನನ್ನ ಮತ.

ಸಾಧನಕೇರಿ, ಧಾರವಾಡ

ಐತವಾರ ಸಂಜಿ ಬ್ಯಾಡ್ರಿ, ಆವಾಗ ಎಲ್ಲಾ ವಾಹಿನಿಯೊಳಗ ಸಿನಿಮಾ. ಶನಿವಾರ ರಾತ್ರಿ ಎಂಟೂವರಿಗೆ ಇರ್ಲಿ, ಮರುದಿನ ಮುಂಜಾನೆ ಮರುಪ್ರಸಾರ.

ಕುಕ್ಕರಹಳ್ಳಿ ಕೆರೆ, ಮೈಸೂರು

ಗದ್ದೆ ಕೆಲಸದವರಿಗೆ ರಾತ್ರಿ ಒಂಬತ್ತು ಅಂದರೆ ತಡವಾಯಿತು. ಎಂಟು, ಎಂಟೂವರೆ ಸರಿ. ಮರುಪ್ರಸಾರ ಮಧ್ಯಾಹ್ನ ಇದ್ದರೆ ಮನೆಯಲ್ಲಿರುವ ಹೆಂಗಸರಿಗೂ ಹಿರಿಯರಿಗೂ ಅನುಕೂಲ. ದಿನದ ಬಗ್ಗೆ ಕೊನೆಗೆ ಅವರೇ ನಿರ್ಧರಿಸಲಿ, ಆದರೆ ಮತ್ತೆ ಮತ್ತೆ ಬದಲಿಸಬೇಡಿ ಅಂತ ಮಾತ್ರ ಒತ್ತಿ ಹೇಳೋಣ.

ತೊಗಲು, ಕೊಪ್ಪಳ

ತಡವಾಗಿ ಬಂದೀನಿ, ನಮ್ಮದೂ ಸೇರಸ್ರಿ. ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಾಗ ಪದ್ಮಶ್ರೀ ಕೊಟ್ರು, ಆಗ ಅವರಿಗೆ ತೊಂಬತ್ತಾರು ವರ್ಷ. ತೊಗಲುಗೊಂಬಿ ಆಟದಾಗ ಇಡೀ ಆಯುಷ್ಯ ಕಳದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅವರು 2023ರಾಗ ಅಪಘಾತದಾಗ ಹೋದ್ರು, ಗೊಂಬಿಯೊಳಗ ಗಾಂಧೀಜಿ ಕಥಿ ತಂದು ದೇಶ ತುಂಬ ಆಡಿಸಿದವರು. ಆಟದ ತುಣುಕು ಬ್ಯಾಡ್ರಿ. ತೊಗಲು ಹದ ಮಾಡೋದ್ರಿಂದ ಹಿಡದು, ತೂತು ಕೊರೆಯೋದು, ಬಣ್ಣ ಹಚ್ಚೋದು, ರಾತ್ರಿ ಪರದೆ ಕಟ್ಟಿ ದೀಪ ಹಚ್ಚಿ ಬೆಳಗಾಗೋತನಕ ಆಡೋದು, ಪೂರ್ತಿ ಹಿಡೀರಿ. ಮಳಿ ಬರಲಿ ಅಂತ ಊರವರು ಆಟ ಹೇಳಿಸೋ ಪದ್ಧತಿ ಐತಿ. ಅಂಥಾ ಆಟಕ್ಕ ಬರ್ರಿ, ವೇದಿಕೆಯ ಕಾರ್ಯಕ್ರಮಕ್ಕ ಬ್ಯಾಡ.

ಇನ್ನೊಂದು ಕೇಳ್ಕೋತೀನಿ. ನಮ್ಮ ಮಂದಿ ಮಾತನ್ನ ಬೆಂಗಳೂರು ಕನ್ನಡಕ್ಕ ಡಬ್ ಮಾಡಬ್ಯಾಡ್ರಿ. ಅವರ ಮಾತು ಅವರ ಬಾಯಾಗೇ ಇರ್ಲಿ.

ಎಡಿಟಿಂಗ್ ಟೇಬಲ್, ಬೆಂಗಳೂರು

ನೂರಕ್ಕೆ ನೂರು ನಿಜ. ಕಲಬುರಗಿ, ಕೊಪ್ಪಳ, ಹಾಲಕ್ಕಿ ಯಾವ ಕನ್ನಡವೇ ಇರಲಿ, ಮೇಲೆ ಇನ್ನೊಂದು ಧ್ವನಿ ಹಾಕಬಾರದು. ಎಲ್ಲ ಚಿತ್ರಕ್ಕೂ ಕೆಳಗೆ ಕನ್ನಡ ಅಕ್ಷರದ ಸಾಲು ಹಾಕಿದರೆ ಯಾರಿಗೂ ತೊಂದರೆಯಿಲ್ಲ, ಕಿವಿ ಕೇಳದವರಿಗೂ ಆಯಿತು. ಅಕ್ಷರ ದೊಡ್ಡದಿರಲಿ, ಹಿಂದೆ ಕಪ್ಪು ಪಟ್ಟಿ ಇರಲಿ, ಓದಿ ಮುಗಿಯುವಷ್ಟು ಹೊತ್ತು ನಿಲ್ಲಲಿ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಮಾತಾಡುವವರಿಗೂ ಇದೇ ಕ್ರಮ.

ನಾಗರಿಕ, ದಾವಣಗೆರೆ

ಓದುತ್ತಾ ಹೋದಂತೆ ನನಗೂ ಅನಿಸಿತು, ಮುಳುಗಡೆ ಪಟ್ಟಿಯಲ್ಲಿರಲಿ. ನನ್ನ ಕಡೆಯಿಂದ ಒಂದು: ದಾವಣಗೆರೆಯ ಹತ್ತಿ ಗಿರಣಿಗಳು. ಒಂದು ಕಾಲಕ್ಕೆ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಗಿರಣಿ ಸೈರನ್ನಿಗೆ ಊರು ಏಳುತ್ತಿತ್ತು. ಗೊತ್ತಿರುವ ಕಾರ್ಮಿಕರ ವಿವರ ನಾನು ಬರೆದು ಕಳಿಸುತ್ತೇನೆ.

ತುಂಗೆಯ ದಡ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಕರಡು ಶುರು ಮಾಡಿದ್ದೇನೆ. ಒಂದೊಂದು ವಿಷಯಕ್ಕೆ ಒಂದು ಪುಟ, ಬರೆದವರದೇ ಜವಾಬ್ದಾರಿ. ಮುರಕಲ್ಲು ಮತ್ತು ಭೀಮಾತೀರ ಇಬ್ಬರೂ ಸೇರಿ ನೀರಿನ ಸುರಂಗದ ಪುಟ ಬರೆಯಿರಿ. ಎಡಿಟಿಂಗ್ ಟೇಬಲ್ ಅವರು ಟೇಪು, ಧ್ವನಿ, ಕೆಳಗಿನ ಅಕ್ಷರದ ಪುಟ. ಕುಕ್ಕರಹಳ್ಳಿ ಸರ್ ಕಾಯ್ದೆಯ ಪ್ಯಾರಾ ಬರೆದುಕೊಡಿ, ಕಲಮಿನ ಮಾತು ಇದ್ದ ಹಾಗೇ ಇರಲಿ. ಒಂದು ವಿನಂತಿ: ಮಾತಾಡಲು ಒಪ್ಪಿದ ಹಿರಿಯರ ಹೆಸರು, ಫೋನ್ ನಂಬರ್ ಇಲ್ಲಿ ಬಹಿರಂಗವಾಗಿ ಹಾಕಬೇಡಿ. ಅವರನ್ನು ಮೊದಲು ಕೇಳಿ, ಒಪ್ಪಿದರೆ ಮಾತ್ರ ಪತ್ರಕ್ಕೆ ಸೇರಿಸೋಣ. ಯಾರನ್ನು ಕೇಳುವಾಗಲೂ, "ಟಿವಿಯಲ್ಲಿ ಬಂದೇ ಬರುತ್ತದೆ" ಅಂತ ಆಸೆ ಹುಟ್ಟಿಸಬೇಡಿ.

ಚಾಂಪಿಯನ್ ರೀಫ್ ಮಗಳು, ಕೆಜಿಎಫ್

ಅಕ್ಕ, ಅಪ್ಪನ ಜೊತೆ ಗಣಿಗೆ ಇಳಿಯುತ್ತಿದ್ದ ಇಬ್ಬರು ಮಾವಂದಿರನ್ನು ಕೇಳಿದೆ. ಒಪ್ಪಿದ್ದಾರೆ. ಒಬ್ಬರ ಹತ್ತಿರ ಹಳೆಯ ಹಾಜರಿ ಚೀಟಿ, ತಲೆಗೆ ಹಾಕುವ ದೀಪ ಇನ್ನೂ ಇದೆ, ತೋರಿಸುತ್ತಾರೆ. ನಮ್ಮ ಲೈನಿನವರೆಲ್ಲ ಮನೆಯಲ್ಲಿ ಮಾತಾಡುವುದು ತಮಿಳು. ಗಣಿಯ ಮಾತು ತಮಿಳಲ್ಲೇ ಹೇಳುತ್ತೇವೆ, ಕೆಳಗೆ ಕನ್ನಡ ಹಾಕಲಿ ಅಂತ ಹೇಳಿದ್ದಾರೆ. ಇನ್ನೊಬ್ಬರಿಗೆ ಧೂಳಿನಿಂದ ಶ್ವಾಸಕೋಶ ಹಾಳಾಗಿದೆ, ಹೆಚ್ಚು ಹೊತ್ತು ಮಾತಾಡಲಾರರು, ಬೆಳಿಗ್ಗೆ ಹೊತ್ತು ಸ್ವಲ್ಪ ಸ್ವಲ್ಪವಾಗಿ ಕೇಳಬೇಕು. ಕೆಜಿಎಫ್ ಪುಟದಲ್ಲಿ ಇದನ್ನೂ ಬರೆದಿದ್ದೇನೆ. ಶನಿವಾರದೊಳಗೆ ಕಳಿಸುತ್ತೇನೆ.